ಪಟ್ಟಿ ಮೇಷ್ಟ್ರು ಒಪ್ಪಿಕೊಂಡ ತಪ್ಪು

ನಮ್ಮಪ್ಪ ಬ್ಯಾಸ್ಕೆಟ್‌ಬಾಲ್ ಆಡಿದವನಲ್ಲ. ಅಪ್ಪಿತಪ್ಪಿ ಚೆಂಡು ಕೈಗೆ ಬಂದರೆ ಯಾರದೋ ಕೂಸನ್ನು ಎತ್ತಿಕೊಂಡವನ ಹಾಗೆ ನಿಂತುಬಿಡುತ್ತಿದ್ದ. ಆದರೆ ದೇಶದಲ್ಲೇ ಹೆಸರಾದ ಆಟಗಾರನ ಪಾದಗಳು ಹನ್ನೊಂದು ವರ್ಷ ಅವನ ತೊಡೆಯ ಮೇಲಿದ್ದವು. ಪಂದ್ಯಕ್ಕೆ ಮುಂಚೆ ಆಟಗಾರರ ಕಣಕಾಲು ಉಳುಕದ ಹಾಗೆ ಟೇಪು ಸುತ್ತುವುದು ಅಪ್ಪನ ಕೆಲಸ. ತಂಡದವರೆಲ್ಲ ಅವನನ್ನು ಪಟ್ಟಿ ಮೇಷ್ಟ್ರು ಅಂತ ಕರೆಯುತ್ತಿದ್ದರು.

ಕಲಿತದ್ದು ಆಸ್ಪತ್ರೆಯಲ್ಲಿ, ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ. ಅಲ್ಲಿನ ಡಾಕ್ಟರೊಬ್ಬರು ತಂಡದ ಡಾಕ್ಟರಾದಾಗ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋದರು. ಅವನ ಕೆಲಸಕ್ಕೆ ಒಂದು ಕ್ರಮವಿತ್ತು. ಹಿಮ್ಮಡಿಯಿಂದ ಶುರು, ಮೇಲಕ್ಕೆ ಮೂರು ಸುತ್ತು, ಎಲ್ಲೂ ಒಂದು ಸುಕ್ಕಿರಬಾರದು. ಮುಗಿದ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಡುತ್ತಿದ್ದ. ಬೆಳ್ಳಗಾದ ಉಗುರು ಎರಡು ಎಣಿಸುವಷ್ಟರಲ್ಲಿ ಕೆಂಪಾದರೆ ರಕ್ತ ಓಡುತ್ತಿದೆ ಅಂತ ಅರ್ಥ. ಇಲ್ಲದಿದ್ದರೆ ಪಟ್ಟಿ ಬಿಗಿಯಾಗಿದೆ, ಕತ್ತರಿಸಿ ಮತ್ತೆ ಸುತ್ತಬೇಕು. ಉಗುರು ಒತ್ತದೆ ಯಾರನ್ನೂ ಬೆಂಚಿನಿಂದ ಎಬ್ಬಿಸಿದವನಲ್ಲ. ನಮ್ಮ ಮನೆಯಲ್ಲಿ ಯಾರಾದರೂ ಬೆರಳು ಕುಯ್ದುಕೊಂಡು ಬಟ್ಟೆ ಕಟ್ಟಿದರೂ ಅದೇ ಪರೀಕ್ಷೆ. ಅಮ್ಮ ರೇಗುತ್ತಿದ್ದಳು: "ಈರುಳ್ಳಿ ಹೆಚ್ಚೋಕೆ ಬಿಡ್ತೀರೋ, ಪಾಸು ಫೇಲು ಮಾಡ್ತೀರೋ?"

ಆ ಹೆಸರಾದ ಆಟಗಾರನನ್ನು ಜನ ಏಣಿ ಅನ್ನುತ್ತಿದ್ದರು. ಅಷ್ಟು ಎತ್ತರ. ಆಟದಲ್ಲಿ ಎತ್ತಿದ ಕೈ, ಸುಳ್ಳು ಹೇಳಬಾರದು. ಆದರೆ ತಿಂಗಳಿಗೊಂದು ರಂಪ ಮಾಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಒಮ್ಮೆ ರೆಫರಿಯ ಮುಖಕ್ಕೆ ಚೆಂಡು ಎಸೆದು ಹಲ್ಲು ಮುರಿದ. ಒಮ್ಮೆ ರಾಷ್ಟ್ರೀಯ ತಂಡದ ಶಿಬಿರಕ್ಕೆ ಜ್ವರ ಅಂತ ಹೇಳಿ, ಶೂ ಜಾಹೀರಾತಿನಲ್ಲಿ ಕುಣಿಯುತ್ತಾ ಸಿಕ್ಕಿಬಿದ್ದ. ಪ್ರತಿ ಸಲವೂ ಪತ್ರಿಕೆಗಳು ಎರಡು ದಿನ ಉಗಿದು ಮೂರನೆಯ ದಿನ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದವು. ಅಪ್ಪನಂತೂ ಉಗಿಯುವ ಪುಟಗಳನ್ನು ಓದುತ್ತಲೇ ಇರಲಿಲ್ಲ. "ಹುಡುಗಾಟ ಕಣೆ, ಮನಸ್ಸು ಚಿನ್ನ" ಅನ್ನುತ್ತಿದ್ದ. ಚಿನ್ನವಂತೆ!

ಆಮೇಲೆ ಆ ಫೈನಲ್ ಬಂತು. ಮೂರನೆಯ ಭಾಗದಲ್ಲಿ ಕೋಚ್ ಏಣಿಯನ್ನು ಎರಡು ನಿಮಿಷ ಹೊರಗೆ ಕೂರಿಸಿದರು. ಅಷ್ಟಕ್ಕೇ ಮುನಿಸು. ಟವೆಲ್ ತಲೆಗೆ ಹೊದ್ದುಕೊಂಡು ಕೂತವನು, ಕೋಚ್ ಮತ್ತೆ ಕರೆದಾಗ ಏಳಲಿಲ್ಲ. ಕಾಲು ಜೋಮು ಹಿಡಿದಿದೆ ಅಂದ. ನಮ್ಮವರು ಒಂದು ಪಾಯಿಂಟಿನಲ್ಲಿ ಸೋತರು. ಬೇಕಂತಲೇ ಆಡಲಿಲ್ಲ ಅಂತ ಇಡೀ ಊರು ಕೂಗಿತು. ಬ್ಯಾಸ್ಕೆಟ್‌ಬಾಲ್ ಸಂಸ್ಥೆಯವರು ವಿಚಾರಣೆ ಇಟ್ಟರು. ತಪ್ಪು ಸಾಬೀತಾದರೆ ಎರಡು ವರ್ಷ ನಿಷೇಧ.

ವಿಚಾರಣೆಯ ಹಿಂದಿನ ದಿನ ಏಣಿ ನಮ್ಮ ಮನೆಗೆ ಬಂದ. ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, ಕುರ್ಚಿ ಇದ್ದರೂ ನೆಲದ ಮೇಲೆ ಕೂತು ಅಪ್ಪನ ಎರಡೂ ಕೈ ಹಿಡಿದುಕೊಂಡ. ನಾನಾಗ ಹದಿನಾರರ ಹುಡುಗಿ, ಅಮ್ಮನ ಜೊತೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ.

"ಮೇಷ್ಟ್ರೇ, ಪಟ್ಟಿ ಬಿಗಿಯಾಗಿತ್ತು ಅಂತ ಒಂದು ಮಾತು ಹೇಳಿಬಿಡಿ. ನಿಮ್ಮನ್ನ ಯಾರು ಏನು ಮಾಡ್ತಾರೆ? ನಂದಾದ್ರೆ ಎರಡು ವರ್ಷ ಮಣ್ಣಾಗತ್ತೆ."

ಅಪ್ಪ ಅವನ ಕಣಕಾಲನ್ನೇ ನೋಡಿದ.

"ಗಲಾಟೆ ತಣ್ಣಗಾಗ್ಲಿ. ನಾನೇ ಎಲ್ಲರೆದುರಿಗೆ ನಿಜ ಹೇಳ್ತೀನಿ. ಪಟ್ಟಿ ಸರಿಯಾಗೇ ಇತ್ತು, ಮೇಷ್ಟ್ರದ್ದೇನೂ ತಪ್ಪಿಲ್ಲ ಅಂತ. ಮಾತು ಕೊಡ್ತೀನಿ."

ಅವನು ಹೋದ ಮೇಲೆ ಅಮ್ಮ, "ನಿಮಗೇನು ತಲೆ ಕೆಟ್ಟಿದ್ಯಾ?" ಅಂದಳು. ಅಪ್ಪ ನಮ್ಮಿಬ್ಬರಿಗೂ ಹೇಳಿದ: "ಉಗುರು ಒತ್ತಿ ನೋಡಿದೀನಿ, ಕೆಂಪಗೇ ಇತ್ತು. ನನಗೆ ಗೊತ್ತು, ಅವನಿಗೂ ಗೊತ್ತು. ಅಷ್ಟು ಸಾಲದಾ?"

ಸಾಲಲಿಲ್ಲ. ಮಾರನೆಯ ದಿನ ಉದ್ದನೆಯ ಮೇಜಿನ ಮುಂದೆ ನಿಂತು ಅಪ್ಪ, ಪಟ್ಟಿ ಬಿಗಿಯಾಗಿತ್ತು, ಅವತ್ತು ಉಗುರು ಒತ್ತಿ ನೋಡೋದು ಮರೆತೆ ಅಂದ. ಏಣಿ ಪಾರಾದ. ಅಪ್ಪನನ್ನು ಅವತ್ತೇ ಕೆಲಸದಿಂದ ತೆಗೆದರು. ಕಪ್ ಕಳೆದ ಕೈ ಅಂತ ಪತ್ರಿಕೆಯಲ್ಲಿ ಫೋಟೋ ಬಂತು. ಆಸ್ಪತ್ರೆಯವರು ವಾಪಸ್ಸು ಸೇರಿಸಿಕೊಳ್ಳಲಿಲ್ಲ. ಶಾಲೆಯ ತಂಡಗಳು ಕೂಡ ಅವನನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಕೊನೆಗೆ ಒಂದು ಶೂ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಗಿರಾಕಿಗಳ ಮುಂದೆ ಮಂಡಿಯೂರಿ ಕೂತು ಶೂ ತೊಡಿಸಿ ಲೇಸು ಕಟ್ಟುವುದು. ಗೋಡೆಯ ಮೇಲೆ ಆಳೆತ್ತರಕ್ಕೆ ಏಣಿಯ ಜಾಹೀರಾತು, ಹಲ್ಲು ಬಿಟ್ಟುಕೊಂಡು. ಆ ಹಲ್ಲಿನ ಕೆಳಗೆ ನಮ್ಮಪ್ಪ ಏಳು ವರ್ಷ ಕೂತ.

ಏಳು ವರ್ಷವೂ ಕಾದ. ಟೀವಿಯಲ್ಲಿ ಏಣಿಯ ಸಂದರ್ಶನ ಅಂದರೆ ಮಿಕ್ಸಿ ಕೂಡ ತಿರುಗಿಸುವ ಹಾಗಿಲ್ಲ. "ಇವತ್ತು ಹೇಳ್ತಾನೆ ನೋಡು." ಹೇಳುತ್ತಿರಲಿಲ್ಲ. ಐದನೆಯ ವರ್ಷ ಅಮ್ಮ ತೀರಿಕೊಂಡಳು. ಅದೇ ಸುಮಾರಿಗೆ ಅಂಗಡಿಯ ಮಾಲೀಕರು ನನ್ನನ್ನು ಕರೆದು, "ನಿಮ್ಮ ತಂದೆ ಲೇಸು ಸಡಿಲ ಕಟ್ತಾರಮ್ಮ, ಮಕ್ಕಳು ಎಡವ್ತಾವೆ" ಅಂದರು. ನಾನು ಕೇಳಿದ್ದಕ್ಕೆ ಅಪ್ಪ, "ಬಿಗಿಯಾಗಿಬಿಟ್ರೆ?" ಅಂದ. ಆಗಲೇ ನನಗೆ ಎಚ್ಚರವಾಗಬೇಕಿತ್ತು. ವಯಸ್ಸಾಯಿತು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಏಣಿ ಆಟ ಬಿಟ್ಟಾಗ ಸನ್ಮಾನ ಇಟ್ಟುಕೊಂಡರು. ಅಪ್ಪನಿಗೂ ಕಾರ್ಡು ಬಂತು. ಬಿಳಿ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿ, ನನ್ನನ್ನೂ ಹೊರಡಿಸಿದ. ಸ್ಟೇಡಿಯಂ ಭರ್ತಿ. ಏಣಿ ಮೈಕ್ ಹಿಡಿದು ತನ್ನ ರಂಪಗಳನ್ನೆಲ್ಲ ಒಂದೊಂದಾಗಿ ತಮಾಷೆ ಮಾಡಿ ಹೇಳಿದ. ಹಲ್ಲು ಮುರಿಸಿಕೊಂಡ ರೆಫರಿಯನ್ನೇ ವೇದಿಕೆಗೆ ಕರೆದು ತಬ್ಬಿಕೊಂಡ. ಕಟ್ಟಿಸಿದ ಹಲ್ಲು ತೋರಿಸಿ ಆ ಪುಣ್ಯಾತ್ಮನೂ ನಕ್ಕ. ಜನ ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ನನ್ನ ಮೊಣಕೈ ಹಿಡಿದುಕೊಂಡ.

"ಇನ್ನು ಆ ಫೈನಲ್! ನಮ್ಮ ಪಟ್ಟಿ ಮೇಷ್ಟ್ರು ಬಂದಿದಾರೆ ನೋಡಿ. ನನ್ನ ಕಾಲನ್ನ ಕೊರಡು ಮಾಡಿದ ಮಹಾನುಭಾವರು! ಇಡೀ ಊರು ನನ್ನ ಬೈತು. ನಾನು ಮಾತ್ರ ಇವರನ್ನ ಅವತ್ತೇ ಕ್ಷಮಿಸಿಬಿಟ್ಟೆ."

ಚಪ್ಪಾಳೆ. ಅಪ್ಪ ಎದ್ದು ನಿಂತು ತಲೆ ಬಾಗಿಸಿದ. ನಕ್ಕ ಕೂಡ. ಕಾರ್ಯಕ್ರಮ ಮುಗಿದದ್ದೇ ಜನರನ್ನು ತಳ್ಳಿಕೊಂಡು ಹೋಗಿ ಅವನ ಎದುರಿಗೆ ನಿಂತೆ.

"ನಮ್ಮನೇಲಿ ಕೂತು ಮಾತು ಕೊಟ್ಟಿದ್ರಲ್ಲ? ನಿಜ ಹೇಳ್ತೀನಿ ಅಂತ?"

ಅವನು ಬಗ್ಗಿ ನನ್ನ ಮುಖ ನೋಡಿದ. ಗಾಬರಿಯಿಲ್ಲ, ಕಳ್ಳನೋಟವಿಲ್ಲ. "ಯಾವ ಮಾತು ಪುಟ್ಟಿ? ಕಾಲು ನಿಜವಾಗ್ಲೂ ಜೋಮು ಹಿಡಿದಿತ್ತಲ್ಲ" ಅಂದ. ಹೇಳಿ ಹೇಳಿ ಅವನೇ ನಂಬಿಬಿಟ್ಟಿದ್ದ. ಕಪಾಳಕ್ಕೆ ಬಾರಿಸೋಣವೆಂದರೆ ನನ್ನ ಕೈ ಅಲ್ಲಿಯವರೆಗೆ ಎಟುಕುತ್ತಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ, ಹೆಣ್ಣುಮಕ್ಕಳ ಕಾಲೇಜಿನ ಕೋಚ್ ಮನೆಗೆ ಬಂದರು. ಕೈಚೀಲದ ತುಂಬ ಟೇಪಿನ ಸುರುಳಿಗಳು. ಆಕೆ ಹಳೆಯ ಆಟಗಾರ್ತಿ. "ಮೇಷ್ಟ್ರೇ, ಆ ಕಥೆ ನಾನಂತೂ ಒಂದು ದಿನವೂ ನಂಬಲಿಲ್ಲ. ನಿಮ್ಮ ಕೆಲಸ ನಾನು ಕಣ್ಣಾರೆ ನೋಡಿದೀನಿ. ನಾಳೆ ನಮ್ಮ ಹುಡುಗೀರ ಪಂದ್ಯ ಇದೆ, ಬನ್ನಿ" ಅಂದರು. ಏಳು ವರ್ಷದಲ್ಲಿ ಹೀಗೆ ಬಂದ ಮೊದಲ ಮನುಷ್ಯರು. ನಾನು ಖುಷಿಗೆ ಅಳುವುದೊಂದು ಬಾಕಿ.

ಅಪ್ಪ ಚೀಲವನ್ನು ಮುಟ್ಟಲೇ ಇಲ್ಲ. "ಬೇಡಮ್ಮ. ನನ್ನ ಕೈ ಬಿಗಿ. ಆ ಮಕ್ಕಳ ಕಾಲಿಗೆ ಏನಾದ್ರೂ ಆದ್ರೆ?"

"ಅಪ್ಪ, ಅದು ಸುಳ್ಳು!" ನಾನು ಕೂಗಿಯೇಬಿಟ್ಟೆ. "ಉಗುರು ಕೆಂಪಗಿತ್ತು ಅಂತ ನೀನೇ ಹೇಳಿದ್ದಲ್ವಾ? ಅಮ್ಮಂಗೂ ಹೇಳಿದ್ಯಲ್ಲ?"

ಅಪ್ಪ ನಿಜವಾಗಿಯೂ ನೆನಪು ಮಾಡಿಕೊಳ್ಳಲು ಒದ್ದಾಡುತ್ತಿದ್ದ.

"ಹಾಗಂದಿದ್ನಾ?" ಅಂದ. "ಇರಬಹುದು. ಆದ್ರೆ ಕಾಲು ಅವನದು ಕಣೆ. ಬಿಗಿಯಾಗಿತ್ತೋ ಇಲ್ವೋ ಅವನಿಗಲ್ವಾ ಗೊತ್ತಾಗೋದು?"

ಆಕೆ ಚೀಲ ಎತ್ತಿಕೊಂಡು, ನನ್ನ ಭುಜ ಮುಟ್ಟಿ ಹೊರಟುಹೋದರು. ಅಪ್ಪ ಅಂಗಡಿಗೆ ಹೊತ್ತಾಯಿತು ಅಂತ ಎದ್ದ. ಆ ಪಟ್ಟಿ ಸರಿಯಾಗಿತ್ತು ಅಂತ ತಿಳಿದಿದ್ದವರು ನಾವು ನಾಲ್ಕು ಜನ. ಈಗ ನಾನೊಬ್ಬಳೇ ಉಳಿದಿದ್ದೇನೆ.