ಕಾಡಿಗೆ ಹತ್ತಿದ ಜೋಳ

ಆಗ ನಾನು ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಹೊಸ ಮಾಸ್ತರ. ಜೋಳಕ್ಕೆ ಹತ್ತುವ ಕಾಡಿಗೆ ರೋಗದ ಮೇಲೆ ಸಂಶೋಧನೆ ಮಾಡಬೇಕೆಂದು ಮುಂಬಯಿಯಿಂದ ಸಿಗುವ ದೊಡ್ಡ ಧನಸಹಾಯಕ್ಕೆ ಅರ್ಜಿ ಹಾಕಿದ್ದೆ. ನಿನ್ನಂಥ ಎಳೆಯರಿಗೆ ಅದೆಲ್ಲಿ ಸಿಗಬೇಕು ಎಂದು ಹಿರಿಯರು ನಕ್ಕಿದ್ದರು. ಆದರೆ ಆ ಅರ್ಜಿಯ ಸಲುವಾಗಿ ಪುಣೆಯಿಂದ ಒಬ್ಬ ಅಧಿಕಾರಿ ನನ್ನ ಕೆಲಸ ನೋಡಲು ಬರುತ್ತಾರೆಂದು ಪ್ರಿನ್ಸಿಪಾಲರೇ ಕರೆದು ಹೇಳಿದರು.

ದುರದೃಷ್ಟಕ್ಕೆ ಕಾಲೇಜಿನ ತುಂಡು ಹೊಲದಲ್ಲಿ ಆ ವರ್ಷ ಜೋಳ ಬೆಳ್ಳಗೆ, ತುಂಬಿಕೊಂಡು ನಿಂತಿತ್ತು. ರೋಗವೇ ಇಲ್ಲ. ಬಂದವರಿಗೆ ತೋರಿಸುವುದೇನನ್ನು?

ಅಷ್ಟರಲ್ಲಿ ರಾಯಾಪುರದ ಅಕ್ಕ ಹೇಳಿ ಕಳಿಸಿದಳು, ಹೊಲಕ್ಕೆ ಏನೋ ಆಗಿದೆ, ಬಂದು ನೋಡು ಎಂದು. ಸೈಕಲ್ ಹತ್ತಿ ಹೋದೆ. ತೆನೆಗಳಲ್ಲಿ ಕಾಳಿರಬೇಕಾದಲ್ಲಿ ಬೂದು ಬಣ್ಣದ ಸಣ್ಣ ಚೀಲಗಳು. ಚಿವುಟಿದರೆ ಕರಿ ಪುಡಿ. ಪುಸ್ತಕದ ಚಿತ್ರಗಳಲ್ಲೂ ನಾನು ಅಷ್ಟು ಚೊಕ್ಕವಾಗಿ ಆ ರೋಗವನ್ನು ಕಂಡಿರಲಿಲ್ಲ.

"ಎಷ್ಟ್ ಛಲೋ ಬಂದೈತಿ!" ಎಂದುಬಿಟ್ಟೆ.

ಅಕ್ಕ ಪಕ್ಕದಲ್ಲೇ ಇದ್ದಳು. ಸಿಟ್ಟು ಮಾಡಲಿಲ್ಲ. "ಯಾವುದು ತಮ್ಮಾ, ಛಲೋ ಬಂದದ್ದು?" ಎಂದು ಕೇಳಿದಳು.

ಅವಳ ಗಂಡನ ಕಡೆ ತಿರುಗಿದೆ. "ಮಾಮಾ, ಈ ತೆನಿ ಲಗೂ ಕಿತ್ತು ಸುಡ್ರಿ. ಇಲ್ಲಂದ್ರ ಪುಡಿ ಹಾರಿ ಛಲೋ ಕಾಳಿಗೂ ಹತ್ತತೈತಿ." ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಪುಣೆಯ ಅಧಿಕಾರಿ ಬರುವ ಸುದ್ದಿಯನ್ನೂ ಹೇಳಿದೆ.

"ಸುಟ್ಟಮ್ಯಾಲೆ ಅವ್ರಿಗೆ ಬೂದಿ ತೋರಸ್ತಿಯೇನು?" ಎಂದು ಮಾಮಾ ನಕ್ಕರು. "ಸಾಹೇಬ್ರು ನೋಡಿ ಹೋಗ್ಲಿ. ಆಮ್ಯಾಲೆ ಸುಟ್ರಾತು."

"ಬ್ಯಾಡ್ರಿ ಮಾಮಾ" ಎಂದೆ. ಎರಡನೆಯ ಸಲ ಅನ್ನಲಿಲ್ಲ.

ಅಧಿಕಾರಿ ಹೇಳಿದ ದಿನಕ್ಕೆ ಬರಲಿಲ್ಲ. ಅವರು ಬರುವಷ್ಟರಲ್ಲಿ ಗಾಳಿ ಬೀಸಿ, ಚೀಲಗಳು ಒಡೆದು, ಒಳ್ಳೆಯ ತೆನೆಗಳ ಮೇಲೂ ಮಸಿ ಕೂತಿತ್ತು. ಅವರು ಸಾಲುಸಾಲು ಓಡಾಡಿ ನೋಡಿ, ಅಕ್ಕ ಕೊಟ್ಟ ಮಜ್ಜಿಗೆ ಕುಡಿದು, ನನ್ನ ಬೆನ್ನು ತಟ್ಟಿ ಹೋದರು.

ಆ ಜೋಳ ಅಕ್ಕನ ಮಾವನವರ ಕಾಲದಿಂದ ಮನೆಯಲ್ಲೇ ಉಳಿಸಿಕೊಂಡು ಬಂದ ಬೀಜ. ಸುಗ್ಗಿಗೆ ಮುಂಚೆ ಅಕ್ಕ ಹೊಲವೆಲ್ಲ ತಿರುಗಿ, ಒಳ್ಳೆಯ ತೆನೆ ಆರಿಸಿ ಜಂತಿಗೆ ಕಟ್ಟುತ್ತಿದ್ದಳು. ಆ ಸಲವೂ ಬುಟ್ಟಿ ಹಿಡಿದು ಹೋದಳು. ಬರಿಯ ಬುಟ್ಟಿ ತಂದಳು. ಮೈಲುತುತ್ತದ ನೀರಿನಲ್ಲಿ ಅದ್ದಿದರೆ ರೋಗ ಸತ್ತು ಈ ಬೀಜವೂ ಬಿತ್ತಲು ಬರುತ್ತದೆ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ.

"ಮಸಿ ಹತ್ತಿದ್ದು ಬೀಜಕ್ಕ ಬ್ಯಾಡ ತಮ್ಮಾ. ಮನಸ್ಸು ಬರವೊಲ್ಲದು." ಮನೆಯ ಬೀಜ ಆ ವರ್ಷಕ್ಕೇ ನಿಂತುಹೋಯಿತು.

ಧನಸಹಾಯ ನನಗೇ ಸಿಕ್ಕಿತು. ಪ್ರಿನ್ಸಿಪಾಲರು ಎಲ್ಲರೆದುರು ಹೊಗಳಿದರು. ನಕ್ಕ ಹಿರಿಯರೂ ಕೈ ಕುಲುಕಿದರು. ರಾಯಾಪುರದಲ್ಲಿ ಅಕ್ಕ ಹೋಳಿಗೆ ಮಾಡಿದಳು. ಮಾಮಾ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, "ನಮ್ಮ ಹೊಲಾ ನೋಡೇ ಕೊಟ್ಟಾರ್ರಿ ಇವಂಗ!" ಎಂದು ಹೇಳುತ್ತಿದ್ದರು. ಅವರ ಮಾತಿನಲ್ಲಿ ಕೊಂಕೇ ಇರಲಿಲ್ಲ. ಕೊಂಕಿದ್ದರೆ ಆ ಹೋಳಿಗೆ ರುಚಿಸುತ್ತಿತ್ತೇನೋ.

ಮುಂದೆ ವರ್ಷಗಟ್ಟಲೆ, ಹಗಲೆಲ್ಲ ಹೊಲದಲ್ಲಿ, ಬಿಸಿಲಲ್ಲಿ ದುಡಿದೆ. ಜೊತೆಯವರು ಅದನ್ನು ಹುಮ್ಮಸ್ಸು ಎಂದರು. ನನಗೆ ಮಾತ್ರ ಕೂತರೆ ಸಮಾಧಾನವಿರುತ್ತಿರಲಿಲ್ಲ. ಕಾಡಿಗೆ ಹತ್ತದ ಒಂದು ತಳಿ ಕೊನೆಗೂ ಕೈಗೆ ಬಂತು. ಮೊದಲ ಬೀಜವನ್ನು ಮಾಮಾನಿಗೇ ಕೊಟ್ಟೆ. ಬೆಳೆ ಚೆನ್ನಾಗಿ ಬಂತು, ಒಂದು ತೆನೆಯೂ ಕಪ್ಪಾಗಲಿಲ್ಲ. ಹೊಸ ಜೋಳದ ರೊಟ್ಟಿಗೆ ಅಕ್ಕ ನನ್ನನ್ನು ಕರೆದಳು.

"ಹೆಂಗೈತಿ ಅಕ್ಕಾ ಜೋಳಾ?" ಎಂದು ಕೇಳಿದೆ.

"ಛಲೋ ಐತಿ" ಎಂದಳು. ಬಡಿಯುತ್ತಿದ್ದ ರೊಟ್ಟಿಯ ಅಂಚು ಹರಿಯಿತು. ನೀರು ಹಚ್ಚಿ ಕೂಡಿಸುತ್ತ, "ಮೊದಲಿನದರಾಂಗ ಜಿಗಿ ಇಲ್ಲ, ಅಷ್ಟ" ಎಂದಳು.