ಲತಾಮಣಿ ಕಿಟಕಿ ಮುಚ್ಚಿದ್ದು

ಹುಲಿಕೆರೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಮುದ್ದೆ, ಸಾರು ಹೊತ್ತುಕೊಂಡು ಹೋಗುವವಳು ಲತಾಮಣಿ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲವಲ್ಲ, ನೆರೆಯವರೇ ಉಣ್ಣಿಸಬೇಕು. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುತೂಹಲ ಮಾತ್ರ ಅಷ್ಟಿಷ್ಟಲ್ಲ! ಯಾರ ಮನೆಗೆ ಯಾವ ನೆಂಟರು ಬಂದರು, ಏನು ತಂದರು ಎಂಬುದು ತಿಳಿಯದಿದ್ದರೆ ಅವಳಿಗೆ ಉಂಡ ಅನ್ನ ಅರಗುತ್ತಿರಲಿಲ್ಲ.

ಹೀಗಿರುವಾಗ ಪಕ್ಕದ ಮನೆಯ ಸಾವಿತ್ರಮ್ಮ ತೀರಿಕೊಂಡರು. ಅವರ ಮೊಮ್ಮಗಳೇ ಟಿ.ವಿ. ನಟಿ ಹೇಮಾಶ್ರೀ. ಲತಾಮಣಿ ದಿನಾ ಬಿಡದೆ ನೋಡುವ ಧಾರಾವಾಹಿಯಲ್ಲಿ ಮಂದಾಕಿನಿಯ ಪಾತ್ರ ಅವಳದೇ. ಹಿಂದೆ ಅವಳು ಅಜ್ಜಿಯ ಮನೆಗೆ ಬಂದಾಗಲೆಲ್ಲ ಲತಾಮಣಿ ಕೊಬ್ಬರಿ ಮಾರಲು ಅರಸೀಕೆರೆಗೆ ಹೋಗಿರುತ್ತಿದ್ದಳು. ಹಾಳು ಹಣೆಬರಹ! ಈ ಸಲ ಮಾತ್ರ ಮುದ್ದೆ, ಒಗ್ಗರಣೆಯಿಲ್ಲದ ಸಾರಿನ ಪಾತ್ರೆ ಹಿಡಿದು, ಫೋಟೊ ತೆಗೆಯಲೆಂದು ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಟಳು.

ಬಾಗಿಲಲ್ಲೇ ಸಾವಿತ್ರಮ್ಮನ ಮಗ ಜಯದೇವಪ್ಪ ಸಿಕ್ಕ. “ನೆನ್ನೆ ಮಣ್ಣು ಮಾಡ್ದಾಗಿಂದ ಒಂದು ತುತ್ತೂ ಮುಟ್ಟಿಲ್ಲ ಕಣಮ್ಮ ಮಗು. ಬೆಳಗ್ಗೆ ತಲೆ ಸುತ್ತಿ ಬಿದ್ದೋಗಿತ್ತು. ನೀನಾದ್ರೂ ಉಣ್ಸು,” ಅಂದ.

ಹೇಮಾಶ್ರೀ ಒಳಕೋಣೆಯ ಗೋಡೆಗೆ ಒರಗಿದ್ದಳು. ಟಿ.ವಿ.ಯಲ್ಲಿ ಮುತ್ತು ಉದುರಿದಂತೆ ಅಳುವವಳು ಇಲ್ಲಿ ಮೂಗು ಸುರಿಸಿಕೊಂಡು ಕೂತಿದ್ದಳು. ಲತಾಮಣಿಗೆ ಅಯ್ಯೋ ಪಾಪ ಅನ್ನಿಸಿತು, ಜೊತೆಗೇ ಕಣ್ಣು ಕೀಳಲಾಗದ ಆಸೆ. ಗಲ್ಲದ ಮಚ್ಚೆ ನಿಜದ್ದೇ? ಅಷ್ಟುದ್ದ ಜಡೆ ಎಲ್ಲಿ ಹೋಯಿತು? ಸಾಲದ್ದಕ್ಕೆ ಕಿಟಕಿಯಾಚೆ ಊರಿನ ಹುಡುಗಿಯರು ಮೊಬೈಲ್ ಎತ್ತಿ ಹಿಡಿದು, “ಮೇಡಂ, ಒಂದೇ ಸಲ ಈ ಕಡೆ ನೋಡಿ,” ಎಂದು ಕೂಗುತ್ತಿದ್ದರು.

ತಟ್ಟೆ ಮುಂದಿಟ್ಟಾಗ ಹೇಮಾಶ್ರೀ ತಲೆ ಎತ್ತಿ, “ನೀವು ಅಜ್ಜಿ ಹೇಳ್ತಿದ್ದ ಪಕ್ಕದ ಮನೆಯವರಲ್ವಾ?” ಅಂದಳು. ಮುದ್ದೆಗೆ ಕೈ ಹಾಕಿದಳು. ಅಷ್ಟಕ್ಕೇ ಸುಮ್ಮನಿರಬಾರದೇ ಲತಾಮಣಿ ಎಂಬ ಈ ಪುಣ್ಯಾತ್ಗಿತ್ತಿ? “ತಿನ್ನವ್ವ ಮಂದಾಕಿನಿ, ತಿನ್ನು,” ಅಂದುಬಿಟ್ಟಳು!

ಹೇಮಾಶ್ರೀಯ ಕೈ ಅಲ್ಲೇ ನಿಂತಿತು. ತಟ್ಟೆ ಸರಿಸಿ ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡಳು. ಕಿಟಕಿಯಾಚೆಯವರು ಕಿಸಕ್ಕನೆ ನಕ್ಕರು.

ಉಣ್ಣಿಸಲು ಬಂದವಳೇ ಬಾಯಿಗೆ ಬಂದ ತುತ್ತನ್ನು ತಪ್ಪಿಸಿದಳಲ್ಲ! ಲತಾಮಣಿ ದಡಬಡ ಎದ್ದು ಕಿಟಕಿಗೆ ಹೋಗಿ, “ನಿಮ್ಮಜ್ಜಿ ಸತ್ತಾಗ್ಲೂ ಹಿಂಗೇ ಹಲ್ಲು ಕಿಸೀತೀರೇನ್ರೇ? ಮಾನ ಮರ್ವಾದೆ ಐತಾ ನಿಮ್ಗೆ? ಹೋಗ್ರೇ ಅತ್ಲಾಗೆ!” ಎಂದು ಬೈದು ಕಿಟಕಿಯ ಬಾಗಿಲು ಹಾಕಿದಳು. ಆ ಬೈಗುಳದಲ್ಲಿ ಅರ್ಧ ತನಗೇ ಸೇರಿದ್ದೆಂದು ಅವಳಿಗೂ ಗೊತ್ತಿತ್ತು. ಮೊಬೈಲನ್ನು ಹೊರಗೆ ಜಯದೇವಪ್ಪನ ಕೈಗೆ ಕೊಟ್ಟು ಬಂದು, ಹೇಮಾಶ್ರೀಗೆ ಬೆನ್ನು ಮಾಡಿ ಕೂತಳು.

“ತಪ್ಪಾಯ್ತು ಕಣವ್ವ. ನಾನು ನೋಡಾಕಿಲ್ಲ, ನೀನು ನಿಧಾನಕ್ಕೆ ಉಣ್ಣು.”

ಕತ್ತು ಹೊರಳಿಸುವ ಆಸೆ ಲತಾಮಣಿಯ ಪ್ರಾಣ ಹಿಂಡುತ್ತಿತ್ತು. ಗೋಡೆಯ ಕ್ಯಾಲೆಂಡರ್ ನೋಡುತ್ತ ಹಲ್ಲು ಕಚ್ಚಿ ಕೂತಳು. ಕೊನೆಗೆ ತಟ್ಟೆ ಎಳೆದುಕೊಂಡ ಸದ್ದು ಕೇಳಿತು, ಆಮೇಲೆ ಸಾರು ಸೊರ್ರನೆ ಹೀರಿದ ಸದ್ದು. ಮುದ್ದೆಯನ್ನು ನುಂಗುತ್ತಾಳೋ, ಪೇಟೆಯವರ ಹಾಗೆ ಅಗಿಯುತ್ತಾಳೋ? ದೇವರೇ, ಅದೊಂದು ತಿಳಿದರೆ ಸಾಕಿತ್ತು!

“ಅಕ್ಕಾ, ಇನ್ನೊಂಚೂರು ಸಾರು...”

ಲತಾಮಣಿ ತಿರುಗದೆಯೇ ಸೌಟನ್ನು ಹಿಂದಕ್ಕೆ ಚಾಚಿದಳು. ಸಾರೆಲ್ಲ ನೆಲಕ್ಕೆ ಚೆಲ್ಲಿತು.

“ಈ ಕಡೆ ತಿರುಗಿ ಬಡಿಸಿ ಅಕ್ಕಾ,” ಅಂದಳು ಹೇಮಾಶ್ರೀ.

ಲತಾಮಣಿ ತಿರುಗಿ ಬಡಿಸಿದಳು. ಕಣ್ಣನ್ನು ಮಾತ್ರ ತಟ್ಟೆಯಿಂದ ಮೇಲೆತ್ತಲಿಲ್ಲ.