ಯಾವ ಗಣಪತಿ?

ಹೆಸರಿಗೆ ಹೆದರುವವರನ್ನು ನೀವು ಕಂಡಿದ್ದೀರೋ ಇಲ್ಲವೋ ಗೊತ್ತಿಲ್ಲ. ನಾನು ಹೆದರುತ್ತೇನೆ. ಹಾವಿಗೆ ಹೆದರಿದವಳಲ್ಲ, ಗಂಡನಿಗೆ ಹೆದರಿದವಳಲ್ಲ. ಆದರೆ ಯಾರಾದರೂ ಫೋನಿನಲ್ಲಿ ‘ಗಣಪತಿ’ ಎಂದು ಶುರು ಮಾಡಿ ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಕೈಯಲ್ಲಿದ್ದದ್ದನ್ನು ಅಲ್ಲೇ ಕೆಳಗಿಟ್ಟು ಗೋಡೆ ಹಿಡಿಯುತ್ತೇನೆ. ಮುಂದಿನ ಮಾತು ‘ಬರುವಾಗ ಉಪ್ಪು ತರ್ತಾನಂತೆ’ ಎಂದೇ ಇರಬಹುದು. ಅದು ಬರುವವರೆಗೆ ನಾನು ಅರ್ಧ ಸತ್ತಿರುತ್ತೇನೆ.

ಗಣಪತಿ ನನ್ನ ಮೊಮ್ಮಗ. ತದಡಿಯಲ್ಲಿ ಬೋಟಿಗೆ ಹೋಗುತ್ತಾನೆ. ಆ ಹೆಸರು ಇಟ್ಟವಳು ನಾನೇ. ಸೊಸೆಗೆ ಎರಡು ಬಸಿರು ನಿಲ್ಲದೆ ಹೋದಾಗ ಇಡಗುಂಜಿಗೆ ಹೋಗಿ, ಗಂಡೋ ಹೆಣ್ಣೋ ಒಂದು ಉಳಿಯಲಿ, ನಿನ್ನ ಹೆಸರೇ ಇಡುತ್ತೇವೆ ಎಂದು ಹರಕೆ ಹೊತ್ತಿದ್ದೆ. ಹೆಣ್ಣಾದರೆ ಏನು ಮಾಡುವುದೆಂದು ಯೋಚಿಸಿರಲಿಲ್ಲ. ಗಂಡಾಯಿತು. ದೇವರಿಗೂ ನನಗೂ ಪಜೀತಿ ತಪ್ಪಿತು.

ಆದರೆ ಈ ಹರಕೆ ನನಗೊಬ್ಬಳಿಗೇ ಹೊಳೆದದ್ದಲ್ಲವಲ್ಲ. ಇಡಗುಂಜಿಯ ದೇವರು ಮಕ್ಕಳನ್ನು ಕೊಡುವುದರಲ್ಲಿ ಧಾರಾಳಿ, ಹೆಸರು ಮಾತ್ರ ಅವನ ಹತ್ತಿರ ಒಂದೇ. ನಮ್ಮ ಸಣ್ಣ ಕೇರಿಯಲ್ಲೇ ನಾಲ್ಕು ಗಣಪತಿ. ಉದ್ದ ಗಣಪತಿ, ಬೆಲ್ಲದ ಗಣಪತಿ, ಮೋಟರ್ ಗಣಪತಿ, ನಮ್ಮವನು ಮೂಗ ಗಣಪತಿ. ಅವನಿಗೆ ಮಾತು ಬರುತ್ತದೆ, ಆಡುವುದಿಲ್ಲ ಅಷ್ಟೆ. ಭಟ್ಕಳದಲ್ಲಿ ನನ್ನ ತಂಗಿಯ ಪಕ್ಕದ ಮನೆಯ ಬೀಬಿ ಒಮ್ಮೆ ಇದನ್ನು ಕೇಳಿ ನಕ್ಕಳು. ನಮ್ಮಲ್ಲೂ ಗಂಡುಮಕ್ಕಳಿಗೆಲ್ಲ ಮೊದಲು ಒಂದೇ ಹೆಸರು, ಆದರೆ ನಾವು ಹಿಂದೆ ಇನ್ನೊಂದು ಕಟ್ಟಿರುತ್ತೇವೆ, ಕರೆಯುವುದು ಅದರಿಂದ ಎಂದಳು. ಅವರು ಬುದ್ಧಿವಂತರು. ನಾವು ಹಿಂದೆ ಕಟ್ಟಿದ್ದು ಬೆಲ್ಲ ಮತ್ತು ಮೋಟರು.

ಅರ್ಥವನ್ನೂ ಕೇಳಿದ್ದೇನೆ. ಗಣ ಎಂದರೆ ಗುಂಪು, ಗುಂಪಿಗೆ ಒಡೆಯ ಗಣಪತಿ ಎಂದು ಭಟ್ಟರು ಹೇಳಿದರು. ಹೆಸರು ಇಟ್ಟು ಇಟ್ಟು ಗಣಪತಿಗಳದ್ದೇ ಒಂದು ಗುಂಪಾಯಿತು, ಒಡೆಯ ಯಾರೂ ಆಗಲಿಲ್ಲ. ನಾಲ್ವರೂ ಬೇರೆಯವರ ಬೋಟಿಗೆ ಹೋಗುವವರು. ಮತ್ತೆ ಆ ದೇವರ ಕಥೆಯಾದರೂ ಎಂಥದು? ಬಾಗಿಲು ಕಾಯುತ್ತಿದ್ದ ಮಗನ ತಲೆಯನ್ನು ಗುರುತು ಸಿಗದೆ ತಂದೆಯೇ ಹಾರಿಸಿದ. ಯಾರೋ ನೀನು, ಯಾರ ಪೈಕಿ ಎಂದು ಒಂದು ಮಾತು ಕೇಳಿದ್ದರೆ ಆನೆಯಾದರೂ ಬದುಕುತ್ತಿತ್ತು. ಇಂಥ ಹೆಸರನ್ನು ನಾವು ಧೈರ್ಯಕ್ಕೆಂದು ಇಡುತ್ತೇವೆ.

ಈಗ ನಮ್ಮ ಗಣಪತಿಗೆ ಗಂಡುಮಗು ಹುಟ್ಟಿದೆ. ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಾಗ ಅವನ ಹೆಂಡತಿ ನಯನಾ ಮೊಬೈಲಿನಲ್ಲಿ ಹೆಸರು ಹುಡುಕಲು ಕೂತಳು. ಹೆಸರು, ಅದರ ಹುಟ್ಟು, ಅದರ ಅರ್ಥ, ಎಷ್ಟು ಜನ ಇಡುತ್ತಿದ್ದಾರೆ, ಎಲ್ಲವೂ ಅದರಲ್ಲಿ ಬರುತ್ತದಂತೆ. ರೇಷನ್ ಅಂಗಡಿಯಲ್ಲಿ ಅಕ್ಕಿ ನೋಡಿದ ಹಾಗೆ ಒಂದೊಂದನ್ನೂ ಅಂಗೈಯಲ್ಲಿ ಹರಡಿ ನೋಡಿ ಬಿಟ್ಟಳು. ಅವಳಿಗೆ ಬೇಕಾದದ್ದು ತದಡಿಯಲ್ಲಿ, ಕುಮಟೆಯಲ್ಲಿ, ಎಲ್ಲೂ ಯಾರಿಗೂ ಇಲ್ಲದ ಹೆಸರು. ನನಗೆ ಬೇಕಾದದ್ದು ಹತ್ತು ಜನರಿಗೆ ಇರುವ ಹೆಸರು. ನಮ್ಮಿಬ್ಬರ ಜಗಳ ರುಚಿಯದ್ದಲ್ಲ, ಹೆದರಿಕೆಯದ್ದು. ಇಬ್ಬರ ಹೆದರಿಕೆಯೂ ಹುಟ್ಟಿದ್ದು ಹೋದ ಚೌತಿಯ ಸಂಜೆ.

ಹಬ್ಬದ ಗಣಪತಿಯನ್ನು ನೀರಿಗೆ ಬಿಡಲು ಅದೇ ಹೆಸರಿನವರೇ ದೋಣಿ ಹತ್ತಬೇಕೆಂಬುದು ನಮ್ಮ ಕೇರಿಯ ರೂಢಿ. ಯಾರು ಶುರು ಮಾಡಿದರೋ, ದೇವರಿಗೂ ಕರೆದರೆ ಓಗೊಡುವ ಜೊತೆ ಬೇಕು ಎಂದಿರಬೇಕು. ಆ ದಿನ ನಾಲ್ಕೂ ಗಣಪತಿಗಳು ಐದನೆಯವನನ್ನು ಮಧ್ಯೆ ಕೂರಿಸಿಕೊಂಡು ಅಘನಾಶಿನಿಯ ಅಳಿವೆಯ ಕಡೆ ಹೋದರು. ನೀರು ಇಳಿತದ್ದು. ಮನೆಯಲ್ಲಿ ನಾವು ಹೆಂಗಸರು ಊಟಕ್ಕೆ ಎಲೆ ಒರೆಸುತ್ತಿದ್ದೆವು.

ಫೋನು ಬಂತು. ದೋಣಿ ನಡೆಸುತ್ತಿದ್ದ ಮಂಜನದ್ದು. ಗಾಳಿಯ ಸದ್ದಿನಲ್ಲಿ ನನಗೆ ಕೇಳಿದ್ದು ಇಷ್ಟು: “ಅಜ್ಜಿ, ಗಣಪತಿ ಮುಳುಗ್ದ.”

ನಾನು ಅಂದದ್ದು ಇಷ್ಟು: “ಚೊಲೋ ಆತು. ಬೇಗ ಬನ್ನಿ, ಕಡುಬು ತಣೀತದೆ.”

ಚೌತಿಯ ಸಂಜೆ ಗಣಪತಿ ಮುಳುಗುವುದು ಸುದ್ದಿಯೇ ಅಲ್ಲ. ಮುಳುಗದಿದ್ದರೆ ಸುದ್ದಿ. ಫೋನು ಕಡಿಯಿತು. ನಾನು ಮತ್ತೆರಡು ಎಲೆ ಒರೆಸಿದೆ. ಆಮೇಲೆ ಕೈ ತನ್ನಷ್ಟಕ್ಕೆ ನಿಂತಿತು. ದೇವರಾದರೆ ‘ಮುಳುಗ್ತು’ ಅನ್ನಬೇಕು. ಮಣ್ಣಿನ ಮೂರ್ತಿಗೆ ನಾವೆಲ್ಲ ಹಾಗೇ ಅನ್ನುವುದು. ಮಂಜ ‘ಮುಳುಗ್ದ’ ಅಂದಿದ್ದ. ಮಾತಿನ ಬಾಲದಲ್ಲಿ ಒಂದು ಅಕ್ಷರ, ಅದರಲ್ಲಿ ಮನುಷ್ಯನಿದ್ದ.

ತಿರುಗಿ ಫೋನು ಮಾಡಿದರೆ ಹತ್ತಲಿಲ್ಲ. ಯಾವ ಗಣಪತಿ ಎಂದು ಕೇಳಲು ಯಾರೂ ಇರಲಿಲ್ಲ. ನಾವು ದೋಣಿ ನಿಲ್ಲುವ ದಕ್ಕೆಗೆ ಓಡಿದೆವು. ನಯನಾ ಏಳು ತಿಂಗಳ ಬಸುರಿ, ಮುಸ್ಸಂಜೆ ಹೊತ್ತು ನೀರಿನ ಹತ್ತಿರ ಬರಬಾರದು ಎಂದೆ, ಕೇಳಲಿಲ್ಲ. ಮಂಜ ಉಳಿದ ಮನೆಗಳಿಗೂ ಇಷ್ಟೇ ಹೇಳಿದ್ದನೆಂದು ಅಲ್ಲಿ ಗೊತ್ತಾಯಿತು. ಉಳಿದ ಮೂರು ಮನೆಯ ಹೆಂಗಸರು ಮೊದಲೇ ಸಾಲಾಗಿ ನಿಂತಿದ್ದರು. ಉದ್ದ ಗಣಪತಿಯ ತಾಯಿ ಸೀತಕ್ಕ ಇದ್ದಳು. ಅವಳೂ ನಾನೂ ಒಂದೇ ಬುಟ್ಟಿಯಿಂದ ಮೀನು ಮಾರಿ ಬೆಳೆದವರು, ಬಾಯಿ ಮುಚ್ಚಿದ್ದನ್ನು ಒಬ್ಬರದ್ದೊಬ್ಬರು ಕಂಡಿಲ್ಲ. ಆ ಹೊತ್ತು ಅವಳು ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ. ನೋಡಿದರೆ, ನಿನ್ನವನಾಗಲಿ ಎಂದು ಕಣ್ಣಿನಲ್ಲಿ ಕಂಡುಬಿಡುತ್ತಿತ್ತು.

ಪ್ರಾರ್ಥನೆ ಮಾಡೋಣವೆಂದರೆ ಅದೂ ಆಗಲಿಲ್ಲ. ನನ್ನ ಗಣಪತಿಯನ್ನು ಉಳಿಸು ಎಂದರೆ ಇನ್ನೊಬ್ಬಳ ಗಣಪತಿಯನ್ನು ತೆಗೆದುಕೋ ಎಂದ ಹಾಗೆ. ಅದನ್ನು ಕೇಳಬೇಕಾದದ್ದೂ ಗಣಪತಿಯ ಹತ್ತಿರ, ಅವನು ಆಗಲೇ ನೀರಿನ ತಳದಲ್ಲಿ. ದೇವರ ಹೆಸರನ್ನು ಮಕ್ಕಳಿಗೆ ಇಟ್ಟರೆ ಕರೆದಾಗೆಲ್ಲ ಪುಣ್ಯ ಎನ್ನುತ್ತಾರೆ. ಆ ಸಂಜೆ ಕರೆಯಲು ನನ್ನ ಹತ್ತಿರ ಬೇರೆ ದೇವರ ಹೆಸರೇ ನೆನಪಿಗೆ ಬರಲಿಲ್ಲ, ಇದ್ದ ಒಂದನ್ನು ಕರೆಯಲು ಧೈರ್ಯ ಬರಲಿಲ್ಲ.

ದೋಣಿ ಬಂತು. ಬೆಲ್ಲದವನು ಇಳಿದ, ಮೋಟರಿನವನು ಇಳಿದ. ಅವರ ಮನೆಯವರು ಅವರನ್ನು ಹಿಡಿದುಕೊಂಡು ಅಳಲೂ ಇಲ್ಲ, ನಮ್ಮನ್ನು ಕಂಡು ಸುಮ್ಮನೆ ಪಕ್ಕಕ್ಕೆ ಸರಿದರು. ಉಳಿದದ್ದು ಸೀತಕ್ಕನ ಮನೆ ಮತ್ತು ನಮ್ಮ ಮನೆ. ಮೋಟರ್ ಗಣಪತಿ ತಡವರಿಸುತ್ತ ಹೇಳಿದ. ಮೂರ್ತಿ ಇಳಿಸುವಾಗ ಅದರ ಮಣೆಗೆ ಕಟ್ಟಿದ ಹಗ್ಗ ಉದ್ದನ ಕಾಲಿಗೆ ಸುತ್ತಿಕೊಂಡು ಅವನೂ ದೇವರ ಸಂಗಡ ಹೋದ. ಅವನ ಹಿಂದೆ ಮೂಗ ಹಾರಿದ. ಇಳಿತದ ಸೆಳೆತ ಇಬ್ಬರನ್ನೂ ಅಳಿವೆಯ ಬಾಯಿಯ ಕಡೆ ಎಳೆಯಿತು. ಬೇರೆ ದೋಣಿಯವರು ಹುಡುಕುತ್ತಿದ್ದಾರೆ.

ಅಲ್ಲಿಗೆ ‘ಯಾವ ಗಣಪತಿ’ ಎಂಬ ಪ್ರಶ್ನೆ ಮುಗಿಯಿತು. ಆಗ ಸೀತಕ್ಕ ನನ್ನ ಕೈ ಹಿಡಿದಳು. ಇಬ್ಬರ ಕೈಯೂ ಮಂಜುಗಡ್ಡೆಯಲ್ಲಿಟ್ಟ ಮೀನಿನ ಹಾಗಿತ್ತು.

ಕತ್ತಲಾಗುವ ಮೊದಲು ಸಿಕ್ಕಿದರು. ಅಳಿವೆಯ ಹತ್ತಿರ ಬಲೆ ಕಟ್ಟುವ ಗೂಟವೊಂದನ್ನು ಇಬ್ಬರೂ ತಬ್ಬಿಕೊಂಡಿದ್ದರಂತೆ. ಉದ್ದನಿಗೆ ಅಷ್ಟು ಉದ್ದವಿದ್ದೂ ಈಜು ಸರಿಯಾಗಿ ಬರುವುದಿಲ್ಲ. ನಮ್ಮವನು ಅವನ ಕೂದಲು ಹಿಡಿದು ಗೂಟದವರೆಗೆ ಎಳೆದು ತಂದಿದ್ದ. ದಕ್ಕೆ ಹತ್ತಿದ ಕೂಡಲೆ ಸೀತಕ್ಕ ಮೊದಲು ತನ್ನ ಮಗನ ಕೆನ್ನೆಗೆ ಹೊಡೆದಳು, ಆಮೇಲೆ ನನ್ನ ಮೊಮ್ಮಗನ ಕೆನ್ನೆಗೆ. ಆಮೇಲೆ ಅವನ ಕಾಲ ಹತ್ತಿರ ಕೂತುಬಿಟ್ಟಳು. ಮೂಗ ಗಣಪತಿ ಆ ದಿನವೂ ಏನೂ ಮಾತಾಡಲಿಲ್ಲ.

ಅದಕ್ಕೇ ನಯನಾ, ಮಗುವಿಗೆ ಯಾರಿಗೂ ಇಲ್ಲದ ಹೆಸರು ಬೇಕು ಎಂದು ಹಟ ಹಿಡಿದದ್ದು. ನಾನು ನನ್ನ ಲೆಕ್ಕ ಹೇಳಿದೆ. ಯಾರಿಗೂ ಇಲ್ಲದ ಹೆಸರಾದರೆ ಕೆಟ್ಟ ಸುದ್ದಿ ದಾರಿ ಕೇಳದೆ ನೇರ ನಮ್ಮ ಬಾಗಿಲಿಗೇ ಬರುತ್ತದೆ. ನಾಲ್ಕು ಜನರಿಗೆ ಇದ್ದರೆ ಬೇರೆಯವನಿರಬಹುದು ಎಂದು ಸ್ವಲ್ಪ ಹೊತ್ತಾದರೂ ಉಸಿರಾಡಬಹುದು. ಹೆದರಿಕೆ ನಾಲ್ಕು ಪಾಲಾಗುತ್ತದೆ.

ನಯನಾ ಮಗುವಿಗೆ ಹಾಲು ಕೊಡುತ್ತಿದ್ದಳು. ತಲೆ ಎತ್ತದೆ ಹೇಳಿದಳು. “ಪಾಲಾಗ್ಲಿಲ್ಲ ಅಜ್ಜಿ. ನಾಲ್ಕೂ ಮನೇಲಿ ಪೂರ್ತಿ ಇತ್ತು.”

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಭಾಗಾಕಾರ ಕಲಿಯುವ ಮೊದಲೇ.

ಕಡೆಗೆ ಅವಳು ಆರಿಸಿದ್ದು ಅಗಸ್ತ್ಯ. ಬೆಟ್ಟವನ್ನು ತಗ್ಗಿಸಿದವನು ಎಂದು ಮೊಬೈಲಿನಲ್ಲಿ ಅರ್ಥ ಬಂತು. ಬೆಟ್ಟ ನಮಗೆ ಎಂತಕ್ಕೆ? ನಾನು ಯಕ್ಷಗಾನದ ಆಟದಲ್ಲಿ ನೋಡಿದ ಅಗಸ್ತ್ಯ ಬೇರೆ. ಕಮಂಡಲ ಹಿಡಿದು ಬಂದ ಕುಳ್ಳ ಮುನಿ ಇಡೀ ಸಮುದ್ರವನ್ನು ಒಂದೇ ಗುಟುಕಿಗೆ ಕುಡಿದ, ಚಂಡೆ ನಿಂತಿತು, ನಾವು ಮೀನುಗಾರರ ಹೆಂಗಸರೆಲ್ಲ ಬಾಯಿ ತೆರೆದು ಕೂತೆವು. ಇದನ್ನು ಹೇಳಿದಾಗ ನಯನಾ ಬಹಳ ದಿನದ ಮೇಲೆ ನಕ್ಕಳು. ಎರಡು ದಿನ ಬಿಟ್ಟು ಅಂಗನವಾಡಿಯವಳು ಬಂದು, ನಮ್ಮಲ್ಲಿ ಈಗಾಗಲೇ ಇಬ್ಬರು ಅಗಸ್ತ್ಯ ಇದ್ದಾರೆ ಎಂದಳು. ನಯನಾಳ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು, ಹೇಳಿಕೊಳ್ಳಲಿಲ್ಲ. ಹೆದರುವವರಿಗೆ ತರ್ಕ ಇರುವುದಿಲ್ಲ.

ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಸೀತಕ್ಕನೂ ಬಂದಿದ್ದಳು. ಎಂತ ಹೆಸರು, ಯಾರದ್ದು ಎಂದು ಕೇಳಿದಳು. ಸಮುದ್ರ ಕುಡಿದವನದ್ದು ಎಂದೆ. ಅವಳಿಗೆ ಬಹಳ ಮನಸ್ಸಿಗೆ ಬಂತು. ಸ್ವಲ್ಪ ಹೊತ್ತು ತೊಟ್ಟಿಲು ತೂಗಿದಳು. ಆಮೇಲೆ ತೂಗುವುದು ನಿಲ್ಲಿಸಿದಳು.

“ಕುಡ್ದ ಮ್ಯಾಲೆ ಎಂತ ಮಾಡ್ದ ಅಂವ?”

“ತಿರುಗಿ ಬಿಟ್ಟ,” ಎಂದೆ. “ಅದ್ಕೇ ಸಮುದ್ರ ಉಪ್ಪು ಅಂತ್ರು.”

“ಬಿಡೂದು ಎಂತಕೆ? ಕುಡ್ದದ್ದು ಕುಡ್ದಾಗಿತ್ತಲೆ.”

“ಬಿಡದೇ ಹೋದ್ರೆ ನಾವು ಎಂತ ತಿನ್ನೂದೆ, ಮಾರಾಯ್ತಿ?”

ಸೀತಕ್ಕ ಅದನ್ನು ಕೇಳಿ ತೊಟ್ಟಿಲಿನೊಳಗೆ ಬಗ್ಗಿ ನೋಡಿದಳು. ಮಗು ಮುಷ್ಟಿ ಬಿಗಿಹಿಡಿದು ಮಲಗಿತ್ತು. ನಯನಾಳ ಕಡೆ ತಿರುಗಿದಳು.

“ಹಂಗಾರೆ ತಂಗಿ, ಹೆಸ್ರು ಒಂದೇ ಸಾಲೂದಿಲ್ಲ. ನಡೀಲಿಕ್ಕೆ ಬಂದ ಕೂಡ್ಲೆ ಈಜು ಕಲ್ಸು.”